ಜನವರಿಯ ಓಟ, ಪರೇಲಿನ ರೋಗಿಗಳಿಗೆ ದೇಣಿಗೆ: ಜನರನ್ನು ಕೇಳುವುದು ಹೇಗೆ?

ಡೊಂಬಿವಲಿ ಪೂರ್ವ
ಎಲ್ಲರಿಗೂ ನಮಸ್ಕಾರ. ಜನವರಿಯ ಮೂರನೆಯ ಭಾನುವಾರದ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಅರ್ಧ ಓಟ, 21.097 ಕಿಲೋಮೀಟರ್. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಊರುಗಳಿಂದ ಬರುವ ಬಡ ರೋಗಿಗಳಿಗೂ ಅವರ ಜೊತೆಗೆ ಬಂದವರಿಗೂ ತಂಗಲು ಕೋಣೆ, ಎರಡು ಹೊತ್ತು ಊಟ ಕೊಡುವ ಸಣ್ಣ ಟ್ರಸ್ಟ್ ಒಂದಿದೆ. ಅದಕ್ಕೆ ಈ ಓಟದ ನೆಪದಲ್ಲಿ ಎರಡು ಲಕ್ಷ ರೂಪಾಯಿ ಕೂಡಿಸಬೇಕೆಂದು ಹೊರಟಿದ್ದೇನೆ.

ಓಟದ ತಯಾರಿ ಚೆನ್ನಾಗಿಯೇ ಸಾಗಿದೆ. ಕಾಲು ಎಡವುತ್ತಿರುವುದು ಹಣ ಕೇಳುವ ಜಾಗದಲ್ಲಿ. ನಮ್ಮ ಕಟ್ಟಡದ ವಾಟ್ಸ್‌ಆಪ್ ಗುಂಪಿನಲ್ಲಿ ವಿವರ ಹಾಕಿದ ಕೂಡಲೇ ಒಬ್ಬರು, "ಓಡುವ ಹವ್ಯಾಸ ನಿಮ್ಮದು, ಖರ್ಚು ನಮ್ಮದೇ?" ಎಂದು ಕೇಳಿದರು. ಊರಿನ ಚಿಕ್ಕಪ್ಪ ಫೋನ್ ಮಾಡಿ, "ನಮ್ಮ ಮನೆಯವರು ಯಾರ ಮುಂದೆಯೂ ಕೈ ಚಾಚಿದವರಲ್ಲ" ಎಂದು ಬೇಸರ ಮಾಡಿಕೊಂಡರು. ದುಬೈಯಲ್ಲಿರುವ ಭಾವ ತಾವಾಗಿಯೇ ಕಳಿಸುತ್ತೇನೆ ಎನ್ನುತ್ತಿದ್ದಾರೆ, ಆದರೆ ವಿದೇಶದಿಂದ ಬರುವ ಹಣ ಎಂದರೆ ಟ್ರಸ್ಟಿನವರು ಹಿಂಜರಿಯುತ್ತಾರೆ. ಹೀಗೆ ಹಣ ಕೂಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ. ಯಾರನ್ನು ಕೇಳಬೇಕು, ಏನೆಂದು ಕೇಳಬೇಕು, ಎಷ್ಟು ಸಲ ನೆನಪಿಸಬಹುದು?

ನೇರ ಮಾತು, ಘಾಟ್‌ಕೋಪರ್
ನಿಮ್ಮ ಕಟ್ಟಡದವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ, ಮೇಡಂ. ರೋಗಿಗಳಿಗೆ ಸಹಾಯ ಮಾಡಬೇಕು ಎನಿಸಿದರೆ ಟ್ರಸ್ಟಿನ ಖಾತೆಗೆ ಹಣ ಹಾಕಿದರೆ ಆಯಿತು. ನಡುವೆ ಓಟ ಏಕೆ? ಓಟದ ಶುಲ್ಕ, ಬೂಟು, ಟೀ ಶರ್ಟು, ಜಾಹೀರಾತು, ಅಷ್ಟೂ ರಸ್ತೆ ಬಂದ್. ಆ ಖರ್ಚನ್ನೆಲ್ಲ ಕೂಡಿಸಿ ಕೊಟ್ಟರೆ ಎಷ್ಟು ಕೋಣೆ ಆಗುತ್ತಿತ್ತು? ನಾನು ಪ್ರತಿ ವರ್ಷ ತಂದೆಯವರ ತಿಥಿಯ ದಿನ ಒಂದು ಅನಾಥಾಶ್ರಮಕ್ಕೆ ಕೊಡುತ್ತೇನೆ. ಅದಕ್ಕೆ ಯಾರೂ ಓಡಬೇಕಾಗಿಲ್ಲ.

ಮಾಟುಂಗಾ ಐದು ತೋಟ
ಘಾಟ್‌ಕೋಪರಿನವರೇ, ನೀವು ಕೇಳದೆಯೇ ಕೊಡುವವರು. ಅಂಥವರು ಎಷ್ಟು ಮಂದಿ ಇದ್ದಾರೆ?

ಬೊರಿವಲಿ ಕಾಡಂಚು
ಅಕ್ಕಾ, ನಾನು ಕೆಲವು ವರ್ಷಗಳಿಂದ ಇದೇ ಓಟದಲ್ಲಿ ಬೇರೆ ಬೇರೆ ಸಂಸ್ಥೆಗಳಿಗೆ ಹಣ ಕೂಡಿಸಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಗುಂಪಿನಲ್ಲಿ ಹಾಕಬೇಡಿ. ನೂರು ಜನರ ಗುಂಪಿನಲ್ಲಿ ಕೇಳಿದರೆ ಪ್ರತಿಯೊಬ್ಬನೂ ಉಳಿದ ತೊಂಬತ್ತೊಂಬತ್ತು ಜನ ಕೊಡುತ್ತಾರೆ ಎಂದುಕೊಳ್ಳುತ್ತಾನೆ. ಒಬ್ಬೊಬ್ಬರಿಗೇ, ಅವರ ಹೆಸರು ಹಿಡಿದು ಬರೆಯಿರಿ. ಮೊದಲು ನಿಮ್ಮ ಹಣ ಹಾಕಿ, ಆಮೇಲೆ ಖಂಡಿತ ಕೊಡುತ್ತಾರೆ ಎಂಬ ನಂಬಿಕೆ ಇರುವ ನಾಲ್ಕೈದು ಜನರನ್ನು ಕೇಳಿ. ದೇಣಿಗೆಯ ಪುಟ ತೆರೆದಾಗ ಸೊನ್ನೆ ಕಂಡರೆ ಹೊಸಬರು ಕೈ ಹಿಂದೆಗೆಯುತ್ತಾರೆ. ಮೊದಲು ಕೊಟ್ಟವರು ಐದು ಸಾವಿರ ಕೊಟ್ಟಿದ್ದರೆ ಮುಂದಿನವರು ಇನ್ನೂರು ಕೊಡಲು ಸಂಕೋಚಪಡುತ್ತಾರೆ, ಇನ್ನೂರರಿಂದ ಶುರುವಾದರೆ ಎಲ್ಲರೂ ಇನ್ನೂರಕ್ಕೇ ನಿಲ್ಲುತ್ತಾರೆ.

ಸಂಬಳದ ವಾರ ಕೇಳಿ, ತಿಂಗಳ ಕೊನೆಯಲ್ಲಿ ಬೇಡ. ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಓಟದ ಹಿಂದಿನ ವಾರ ಇನ್ನೊಮ್ಮೆ. ಅಲ್ಲಿಗೆ ಬಿಟ್ಟುಬಿಡಿ. ಓಟ ಮುಗಿದ ದಿನ ಕೊರಳಲ್ಲಿ ಪದಕ ಇರುವ ಚಿತ್ರದೊಂದಿಗೆ ಕೊಟ್ಟವರಿಗೆಲ್ಲ ಧನ್ಯವಾದ ಕಳಿಸಿ. ಕೊಡದೆ ಉಳಿದವರಲ್ಲಿ ಎಷ್ಟೋ ಜನ ಅದನ್ನು ನೋಡಿ ಕೊಡುತ್ತಾರೆ, ಇದು ಪ್ರತಿ ಸಲವೂ ಕಂಡ ಮಾತು.

ಘಾಟ್‌ಕೋಪರಿನವರಿಗೆ ಒಂದು ಮಾತು: ಶುಲ್ಕ, ಬೂಟು, ಪ್ರಯಾಣ ಎಲ್ಲ ಓಡುವವರ ಜೇಬಿನದು. ದೇಣಿಗೆಯಿಂದ ಅದಕ್ಕೆ ಒಂದು ಪೈಸೆಯನ್ನೂ ಮುಟ್ಟಬಾರದು. ಇದನ್ನು ಬರೆದೇ ಕೇಳಬೇಕು.

ನೇರ ಮಾತು, ಘಾಟ್‌ಕೋಪರ್
ಬರೆದು ಕೇಳುವವರು ಎಷ್ಟು ಜನ? ಸಾಮಾನ್ಯ ನೋಂದಣಿ ತುಂಬಿದ ಮೇಲೆ ಸೇವಾ ಸಂಸ್ಥೆಯ ಮೂಲಕ ಬಿಬ್ (ಓಡುವವರು ಎದೆಗೆ ಹಚ್ಚಿಕೊಳ್ಳುವ ಸಂಖ್ಯೆಯ ಚೀಟಿ) ಪಡೆಯುವವರನ್ನು ನಾನು ನಮ್ಮ ಕಚೇರಿಯಲ್ಲೇ ನೋಡಿದ್ದೇನೆ. ಓಡಲು ಜಾಗ ಸಿಗಲಿ ಎಂದು ದೇಣಿಗೆ. ಸಂಸ್ಥೆ ಏನು ಮಾಡುತ್ತದೆ ಎಂದು ಕೇಳಿದರೆ ಹೆಸರೂ ನೆನಪಿರಲಿಲ್ಲ.

ಬೊರಿವಲಿ ಕಾಡಂಚು
ಅಂಥವರು ಇದ್ದಾರೆ, ನಿಜ. ಸಂಸ್ಥೆಗಳು ನಿಗದಿಯಾದ ಮೊತ್ತ ಕಟ್ಟಿ ಬಿಬ್ ಪಡೆಯುತ್ತವೆ, ಅದಕ್ಕಿಂತ ಹೆಚ್ಚು ದೇಣಿಗೆ ತರುವವರಿಗೆ ಕೊಡುತ್ತವೆ. ಹೆಸರು ನೆನಪಿಲ್ಲದವನ ಹಣದಿಂದಲೂ ಊಟ ಬೇಯುತ್ತದೆಯಲ್ಲ? 2004ರಲ್ಲಿ ಈ ಓಟ ಶುರುವಾದಾಗ ಓಡಿ ಹಣ ಕೂಡಿಸುವುದು ಈ ಊರಿನಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಈಗ ಓಟದ ದೇಣಿಗೆ ನೋಡಿಕೊಳ್ಳುವ ಯುನೈಟೆಡ್ ವೇ ಮುಂಬೈ ಮೂಲಕ ನೂರಾರು ಸಂಸ್ಥೆಗಳು ನೋಂದಾಯಿಸಿಕೊಂಡು ಒಂದೇ ಋತುವಿನಲ್ಲಿ ಹತ್ತಾರು ಕೋಟಿ ಕೂಡಿಸುತ್ತವೆ. ಜಾಹೀರಾತಿಗೆ ಹಣವಿಲ್ಲದ ಸಣ್ಣ ಸಂಸ್ಥೆಗಳೂ ಅದರಲ್ಲಿವೆ. ತಿಥಿಯ ದಿನ ಕೊಡುವವರನ್ನು ನೆಚ್ಚಿಕೊಂಡರೆ ಅವುಗಳಿಗೆ ವರ್ಷ ಕಳೆಯದು.

ಠಾಣೆ ಲೆಕ್ಕ
ನಾನು ಲೆಕ್ಕಪರಿಶೋಧಕ. ಹಣದ ಮಾತು ಬಂದಿರುವುದರಿಂದ ಕೆಲವು ವಿಷಯ.

ಹಣ ನಿಮ್ಮ ಖಾತೆಗೆ ಬರಲೇಬಾರದು, ತಂಗಿ. ನೇರವಾಗಿ ಟ್ರಸ್ಟಿನ ಖಾತೆಗೆ, ಇಲ್ಲವೇ ಓಟದ ದೇಣಿಗೆ ಪುಟಕ್ಕೆ ಹೋಗಲಿ. "ನನಗೆ ಗೂಗಲ್ ಪೇ ಮಾಡಿ, ನಾನು ಒಟ್ಟಿಗೆ ಕಟ್ಟುತ್ತೇನೆ" ಎಂದರೆ ಎಷ್ಟೇ ಪ್ರಾಮಾಣಿಕರಾದರೂ ಮುಂದೆ ಒಂದು ದಿನ ಮಾತು ಕೇಳಬೇಕಾಗುತ್ತದೆ. ಅದರ ಮೇಲೆ ರಸೀದಿ ನಿಮ್ಮ ಹೆಸರಿಗೆ ಬರುತ್ತದೆ, ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಟ್ರಸ್ಟಿಗೆ ದೇಣಿಗೆಯ ಮೇಲೆ ತೆರಿಗೆ ವಿನಾಯಿತಿ ಕೊಡಿಸುವ, ಜನ 80ಜಿ ಎನ್ನುವ ಮಾನ್ಯತೆ ಇದೆಯೇ ನೋಡಿ. ಸಾಮಾನ್ಯವಾಗಿ ಕೊಟ್ಟ ಮೊತ್ತದ ಅರ್ಧದಷ್ಟು ಆದಾಯದಿಂದ ಕಳೆಯಬಹುದು, ಅದಕ್ಕೂ ಆದಾಯದ ಶೇಕಡಾ 10ರ ಮಿತಿ ಇದೆ. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ವಿನಾಯಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ಲಾಭ. ಈಗ ಬಹಳ ಜನ ಹೊಸ ಪದ್ಧತಿಗೆ ಹೋಗಿರುವುದರಿಂದ "ತೆರಿಗೆ ಉಳಿಯುತ್ತದೆ" ಎಂದು ಎಲ್ಲರಿಗೂ ಆಸೆ ತೋರಿಸಬೇಡಿ. ಬರೀ ರಸೀದಿ ಸಾಲದು, ಟ್ರಸ್ಟಿನವರು ಇಲಾಖೆಗೆ ವಿವರ ಸಲ್ಲಿಸಿ ದೇಣಿಗೆಯ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಪ್ಯಾನ್ ಸಂಖ್ಯೆ ಬೇಕು, ಹಣ ಕೊಡುವಾಗಲೇ ಕೇಳಿಟ್ಟುಕೊಳ್ಳಲಿ.

ಇನ್ನು ದುಬೈಯ ಭಾವ. ಅವರ ಬಳಿ ಇರುವುದು ಭಾರತದ ಪಾಸ್‌ಪೋರ್ಟ್ ಆಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಂಡು ಟ್ರಸ್ಟಿನವರು ಧೈರ್ಯವಾಗಿ ಪಡೆಯಬಹುದು. ಬೇರೆ ದೇಶದ ಪೌರತ್ವ ಪಡೆದಿದ್ದರೆ ಮಾತ್ರ, ಅವರು ನಮ್ಮದೇ ರಕ್ತದವರಾದರೂ, ಅದು ವಿದೇಶಿ ಮೂಲ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಸಂಸ್ಥೆ ಮುಟ್ಟುವಂತಿಲ್ಲ.

ಡೊಂಬಿವಲಿ ಪೂರ್ವ
ಠಾಣೆಯ ಅಣ್ಣ, ತುಂಬಾ ಉಪಕಾರವಾಯಿತು. ಭಾವನದು ಭಾರತದ ಪಾಸ್‌ಪೋರ್ಟೇ. ಇಂದೇ ಟ್ರಸ್ಟಿನವರಿಗೆ ಹೇಳುತ್ತೇನೆ.

ಚೆಂಬೂರು ಧಾರವಾಡ
ಘಾಟ್‌ಕೋಪರಿನವರ "ನಡುವೆ ಓಟ ಏಕೆ" ಎಂಬ ಪ್ರಶ್ನೆಗೆ ಟೆರಿ ಫಾಕ್ಸ್‌ನ ಕಥೆಯೇ ಉತ್ತರ. ಕೆನಡಾದ ಹುಡುಗ, ಮೂಳೆಯ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡವನು. 1980ರಲ್ಲಿ ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟ. ಕೇಳಿದ್ದು ಪ್ರತಿ ಪ್ರಜೆಯಿಂದ ಒಂದೇ ಒಂದು ಡಾಲರ್, ಕ್ಯಾನ್ಸರ್ ಸಂಶೋಧನೆಗೆ. ದಿನವೂ ಹೆಚ್ಚು ಕಡಿಮೆ ಒಂದು ಮ್ಯಾರಥಾನ್‌ನಷ್ಟು ದೂರ. 143 ದಿನ, 5,373 ಕಿಲೋಮೀಟರ್ ಆದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ನಿಲ್ಲಬೇಕಾಯಿತು. ಮರುವರ್ಷ ತೀರಿಕೊಂಡಾಗ ಅವನಿಗೆ 22. ಅಷ್ಟರೊಳಗೆ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ಕೂಡಿತ್ತು, ಆಗಿನ ಕೆನಡಾದ ಜನಸಂಖ್ಯೆಯಷ್ಟು. ಅವನು ಮನೆಯಲ್ಲಿ ಕುಳಿತು ಪತ್ರ ಬರೆದಿದ್ದರೆ ಇಷ್ಟು ಬರುತ್ತಿತ್ತೇ?

ಕೇಳುವವನು ತಾನೂ ಏನನ್ನೋ ಪಣಕ್ಕೆ ಇಟ್ಟಿದ್ದಾನೆ ಎಂದು ಕಂಡಾಗ ಜನ ಕೊಡುತ್ತಾರೆ. ನಮ್ಮ ಕಡೆ ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ಪ್ರಸಾದ ನಿಲಯ ಕಟ್ಟಲಿಲ್ಲವೇ? ಅಲ್ಲಿ ಉಂಡು ಓದಿದವರು ಈ ಮುಂಬೈಯಲ್ಲೇ ಎಷ್ಟು ಜನ ಇದ್ದೇವೆ. ಚಿಕ್ಕಪ್ಪನವರಿಗೆ ಇದನ್ನು ಹೇಳಿ, ಅಕ್ಕಾ. ತನಗಾಗಿ ಕೈ ಚಾಚುವುದು ಬೇರೆ, ಊರಿಗಾಗಿ ಜೋಳಿಗೆ ಹಿಡಿಯುವುದು ಬೇರೆ.

ಕೋಥ್ರೂಡ್ ಗುಡ್ಡ
ಪುಣೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ಆಷಾಢ ಏಕಾದಶಿಗೆಂದು ಆಳಂದಿ, ದೇಹುವಿನಿಂದ ಪಂಢರಪುರಕ್ಕೆ ಪಾಲಖಿ ಯಾತ್ರೆ ಹೊರಟಾಗ ದಾರಿಯ ಊರುಗಳು ಕೇಳದೆಯೇ ಅನ್ನ ಹಾಕುತ್ತವೆ. ನಡೆಯುವವರನ್ನು ಕಂಡರೆ ಕೊಡಬೇಕೆನಿಸುವುದು ನಮ್ಮ ಜನರಿಗೆ ಹೊಸದಲ್ಲ. ಅಂದ ಹಾಗೆ ಪುಣೆಯ ಅಂತರರಾಷ್ಟ್ರೀಯ ಮ್ಯಾರಥಾನ್ ಶುರುವಾದದ್ದು 1983ರಲ್ಲಿ. ಮುಂಬೈಯವರು ಎಲ್ಲದರಲ್ಲೂ ತಾವೇ ಮೊದಲು ಎನ್ನುವುದು ಬೇಡ.

ಮಾಟುಂಗಾ ಐದು ತೋಟ
ಯಾರೂ ಹಾಗೆ ಹೇಳಿಲ್ಲ, ಪುಣೆಯವರೇ!

ಪರೇಲ್ ಸೇವಕಿ
ನಾನು ಟಾಟಾ ಆಸ್ಪತ್ರೆಯಲ್ಲಿ ಬಿಡುವಿನ ದಿನಗಳಲ್ಲಿ ಕನ್ನಡದ ರೋಗಿಗಳಿಗೆ ದಾರಿ ತೋರಿಸುವ, ಮಾತು ದಾಟಿಸುವ ಕೆಲಸ ಮಾಡುತ್ತೇನೆ. ಈ ಚರ್ಚೆಯಲ್ಲಿ ಓಟದ ಮಾತೇ ಜಾಸ್ತಿ ಆಗಿದೆ, ಕೋಣೆ ಏಕೆ ಬೇಕು ಎಂಬುದನ್ನು ಯಾರೂ ಕೇಳಲಿಲ್ಲ.

ವಿಕಿರಣ ಚಿಕಿತ್ಸೆ ಎಂದರೆ ಒಂದು ದಿನದ ಕೆಲಸವಲ್ಲ. ಎಷ್ಟೋ ಜನರಿಗೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ಒಂದೊಂದು ಸಲ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಅದಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡುವುದಿಲ್ಲ, ಹೊರರೋಗಿಯಾಗಿಯೇ ಬಂದು ಹೋಗಬೇಕು. ಹೋಗುವುದು ಎಲ್ಲಿಗೆ? ಔಷಧಕ್ಕೆ ಸರ್ಕಾರದ ಯೋಜನೆ ಇದೆ, ಆಸ್ಪತ್ರೆಯ ಸಮಾಜ ಸೇವಾ ವಿಭಾಗವಿದೆ. ಐದು ವಾರ ಪರೇಲಿನಲ್ಲಿ ತಲೆಯ ಮೇಲೆ ಸೂರು ಹುಡುಕುವುದು ಮಾತ್ರ ಅವರವರ ಪಾಡು. ರಾತ್ರಿ ಹೊತ್ತು ಆಸ್ಪತ್ರೆಯ ಸುತ್ತಲಿನ ಕಾಲುದಾರಿಯಲ್ಲಿ ನಡೆದು ನೋಡಿ.

ಮೊನ್ನೆ ವಿಜಯಪುರದ ಕಡೆಯ ಗಂಡ ಹೆಂಡತಿ ಬಂದಿದ್ದರು. ಆತನಿಗೆ ಬಾಯಿ ಕ್ಯಾನ್ಸರ್, ತಂಬಾಕಿನದು. ಕೆನ್ನೆಯ ಮೇಲೆ ವಿಕಿರಣ ಬೀಳುವ ಜಾಗಕ್ಕೆ ಶಾಯಿಯ ಗುರುತು ಹಾಕಿದ್ದರು, ಅಳಿಸಬಾರದು. ಕಾಲುದಾರಿಯ ಧೂಳಿನಲ್ಲಿ ಮಲಗಿ ಎದ್ದು, ಮುಖ ತೊಳೆಯಲೂ ಆಗದೆ, ಆ ಗುರುತು ಬೆವರಿಗೆ ಹರಿದುಹೋದೀತೆಂದು ಆಕೆ ಸೆರಗಿನ ತುದಿಯಿಂದ ಅದರ ಸುತ್ತ ಮಾತ್ರ ಒತ್ತಿ ಒತ್ತಿ ಒರೆಸುತ್ತಿದ್ದಳು. ಆಸ್ಪತ್ರೆಯ ಕಡತ ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ಆತನ ತಲೆದಿಂಬಿನ ಕೆಳಗೆ. ಎಷ್ಟೋ ಜನ ಚಿಕಿತ್ಸೆಯ ನಡುವೆಯೇ ಊರಿಗೆ ಮರಳುತ್ತಾರೆ. ಮದ್ದಿಗೆ ಹಣವಿಲ್ಲದೆ ಅಲ್ಲ, ಇರಲು ಜಾಗವಿಲ್ಲದೆ. ನಡುವೆ ಬಿಟ್ಟ ವಿಕಿರಣದಿಂದ ಪ್ರಯೋಜನ ಕಡಿಮೆ. ಕೋಣೆ ಕೊಡುವುದೂ ಚಿಕಿತ್ಸೆಯ ಭಾಗವೇ.

ನೇರ ಮಾತು, ಘಾಟ್‌ಕೋಪರ್
ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆಯಲ್ಲ? ಅಷ್ಟು ದೂರದಿಂದ ಇಲ್ಲಿಗೇ ಏಕೆ ಬರಬೇಕು?

ಪರೇಲ್ ಸೇವಕಿ
ವಿಜಯಪುರದಿಂದ ಮುಂಬೈ ಗಾಡಿ ಹಿಡಿದರೆ ನೇರ ಇಲ್ಲಿಗೇ ಬರುತ್ತದೆ. ಕಲಬುರಗಿಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಸೊಲ್ಲಾಪುರ, ಮೀರಜಿನ ಡಾಕ್ಟರು ಬರೆದು ಕೊಡುವುದೂ ಇಲ್ಲಿಗೇ. ಮುಂಬೈ ಅವರಿಗೆ ದೂರದ ಊರಲ್ಲ, ಅಣ್ಣ.

ವಡಾಲಾ
ಟಾಟಾ ಆಸ್ಪತ್ರೆ ಖಾಸಗಿಯದೋ ಸರ್ಕಾರದ್ದೋ? ನಮ್ಮ ಮನೆಯಲ್ಲಿ ಇದೇ ಜಗಳ.

ಚೆಂಬೂರು ಧಾರವಾಡ
1941ರಲ್ಲಿ ಟಾಟಾ ಟ್ರಸ್ಟಿನವರು ಕಟ್ಟಿದ್ದು. 1957ರಲ್ಲಿ ಆರೋಗ್ಯ ಸಚಿವಾಲಯಕ್ಕೆ ಹೋಯಿತು, 1962ರಿಂದ ಅಣುಶಕ್ತಿ ಇಲಾಖೆಯ ಕೆಳಗಿದೆ.

ವಾಶಿ ಡಾಕ್ಟರ್
ಓಟದ ಬಗ್ಗೆ ವೈದ್ಯೆಯಾಗಿ ಎರಡು ಮಾತು ಹೇಳಲೇಬೇಕು, ಏಕೆಂದರೆ ದೇಣಿಗೆಗಾಗಿ ಓಡುವವರಲ್ಲಿ ಒಂದು ವಿಶೇಷ ಅಪಾಯ ಇದೆ. ಕೊಟ್ಟವರಿಗೆ ಮಾತು ಕೊಟ್ಟಿದ್ದೇನೆ, ಹೇಗಾದರೂ ಮುಗಿಸಬೇಕು ಎಂದು ದೇಹ ಬೇಡವೆಂದರೂ ಓಡುತ್ತಾರೆ. 2020ರ ಮುಂಬೈ ಓಟದಲ್ಲಿ 64 ವರ್ಷದ ಹಿರಿಯರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಎದೆ ಬಿಗಿತ, ಎಡ ತೋಳಿಗೆ ನೋವು, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿ. ದಾರಿಯುದ್ದಕ್ಕೂ ವೈದ್ಯರ ತಂಡ ಇರುತ್ತದೆ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದರೆ ಅವರು, ಈಗಲೇ ವೈದ್ಯರನ್ನು ಕಂಡು ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಕೇಳಿ. ಜ್ವರ ಬಂದು ಹೋದ ವಾರ ಓಡಬೇಡಿ. ಓಟದ ಬೆಳಿಗ್ಗೆ ನೋವಿನ ಮಾತ್ರೆ ನುಂಗುವ ಚಾಳಿ ಬೇಡವೇ ಬೇಡ. ಬೆವರಿ ದೇಹ ಬತ್ತಿರುವಾಗ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಬಾಯಾರಿದಷ್ಟು ಕುಡಿಯಿರಿ. ಹೆದರಿ ಲೀಟರ್‌ಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಬರುತ್ತದೆ.

ಅಂಧೇರಿ ಹೋಟೆಲಿನವ
ಡೊಂಬಿವಲಿಯ ತಂಗಿ, ನನ್ನದು ಅಂಧೇರಿಯಲ್ಲಿ ಸಣ್ಣ ಹೋಟೆಲು. ಪರೇಲಿನ ಬರಹ ಓದಿ ಮನಸ್ಸು ಕಲಕಿತು. ನೀನು ಓಡುವ ಪ್ರತಿ ಕಿಲೋಮೀಟರಿಗೆ ಐದುನೂರರಂತೆ ಕೊಡುತ್ತೇನೆ. ಗಲ್ಲೆಯ ಹತ್ತಿರ, ಸೋಂಪಿನ ಬಟ್ಟಲಿನ ಪಕ್ಕದಲ್ಲಿ ಟ್ರಸ್ಟಿನ ಕ್ಯೂಆರ್ ಚೀಟಿಯನ್ನೂ ಅಂಟಿಸುತ್ತೇನೆ. ಬಿಲ್ಲು ಕೊಟ್ಟು ಚಿಲ್ಲರೆಗೆ ನಿಲ್ಲುವ ಹೊತ್ತಿನಲ್ಲಿ ಜನ ಓದುತ್ತಾರೆ.

ವಾಶಿ ಡಾಕ್ಟರ್
ಅಣ್ಣ, ನಿಮ್ಮ ಮನಸ್ಸು ದೊಡ್ಡದು. ಆದರೆ ಕಿಲೋಮೀಟರಿಗೆ ಇಷ್ಟು ಎಂಬ ಲೆಕ್ಕ ಬೇಡ ಎಂದು ನನ್ನ ಬೇಡಿಕೆ. ಹದಿನೈದನೆಯ ಕಿಲೋಮೀಟರಿನಲ್ಲಿ ಕಾಲು ನೋವಾದಾಗ ನಿಂತರೆ ರೋಗಿಗಳ ಮೂರು ಸಾವಿರ ಹೋಯಿತಲ್ಲ ಎಂಬ ಯೋಚನೆ ಆಕೆಯ ತಲೆಗೆ ಬರಬಾರದು.

ಬೊರಿವಲಿ ಕಾಡಂಚು
ಡಾಕ್ಟರೇ, ಇಲ್ಲಿ ನಿಮ್ಮ ಮಾತು ನಾನು ಒಪ್ಪುವುದಿಲ್ಲ. ಕಿಲೋಮೀಟರಿನ ಲೆಕ್ಕದಿಂದ ಕೊಡುವವರಿಗೂ ಓಟದಲ್ಲಿ ಪಾಲು ಸಿಗುತ್ತದೆ. ನನಗೆ ಹಾಗೆ ಕೊಟ್ಟವರು ಅಭ್ಯಾಸದ ದಿನಗಳಲ್ಲೂ ಇವತ್ತು ಎಷ್ಟಾಯಿತು ಎಂದು ವಿಚಾರಿಸುತ್ತಿದ್ದರು. ತಯಾರಿ ಸರಿಯಾಗಿದ್ದರೆ ಅರ್ಧ ಓಟಕ್ಕೆ ಅಷ್ಟು ಹೆದರಬೇಕಾಗಿಲ್ಲ.

ವಾಶಿ ಡಾಕ್ಟರ್
ತಯಾರಿ ಸರಿಯಿದ್ದವರೂ ನನ್ನ ಮುಂದೆ ಸ್ಟ್ರೆಚರಿನಲ್ಲಿ ಬಂದಿದ್ದಾರೆ.

ಅಂಧೇರಿ ಹೋಟೆಲಿನವ
ಜಗಳ ಬೇಡ. 21 ಕಿಲೋಮೀಟರಿನ 10,500 ನಾಳೆಯೇ ಕಟ್ಟುತ್ತೇನೆ. ತಂಗಿ ಓಡಲಿ, ನಡೆಯಲಿ, ನಡುವೆ ಕೂರಲಿ, ಹಣ ರೋಗಿಗಳದ್ದು.

ವಡಾಲಾ
ಅಣ್ಣ, ನಿಮ್ಮ ಹೋಟೆಲು ಯಾವುದು ಹೇಳಿ, ಊಟಕ್ಕೆ ಬರುತ್ತೇವೆ.

ಪೊವಾಯಿ ಕೆರೆ
ಊಟದ ಮಾತು ಬಂತು, ಕೇಳಿಬಿಡುತ್ತೇನೆ. ಓಟದ ಬೆಳಿಗ್ಗೆ ಏನು ತಿನ್ನಬೇಕು? ನನ್ನ ಗುಂಪಿನವರು ಓಟ್ಸ್ ಎನ್ನುತ್ತಾರೆ, ನನಗೆ ಅದು ಹೊಟ್ಟೆಗೆ ಒಗ್ಗುವುದಿಲ್ಲ.

ಬೊರಿವಲಿ ಕಾಡಂಚು
ಇಡ್ಲಿ. ಎರಡು ಗಂಟೆ ಮೊದಲು ಎರಡು ಮೂರು ಇಡ್ಲಿ, ಚಟ್ನಿ ಸಾಂಬಾರಿಲ್ಲದೆ, ಬೇಕಿದ್ದರೆ ಸಕ್ಕರೆ ನೆಂಚಿಕೊಂಡು.

ಕೋಥ್ರೂಡ್ ಗುಡ್ಡ
ಬಾಳೆಹಣ್ಣು ಸಾಕು. ಬೆಳಗಿನ ಮೂರು ಗಂಟೆಗೆ ಇಡ್ಲಿ ಬೇಯಿಸಲು ಯಾರನ್ನು ಎಬ್ಬಿಸುತ್ತೀರಿ?

ಮಾಟುಂಗಾ ಐದು ತೋಟ
ಅವಲಕ್ಕಿ ಮೊಸರು ಎನ್ನುವವರೂ ಇದ್ದಾರೆ. ಏನಾದರೂ ಸರಿ, ಅಭ್ಯಾಸದ ಉದ್ದ ಓಟಗಳಲ್ಲಿ ತಿಂದು ಒಗ್ಗಿದ್ದನ್ನೇ ತಿನ್ನಿ. ಬೂಟಿಗೂ ಇದೇ ನಿಯಮ. ಹೊಸ ಬೂಟು ಆ ದಿನ ಹಾಕಿದರೆ ಸೀ ಲಿಂಕ್ ದಾಟುವುದರೊಳಗೆ ಹಿಮ್ಮಡಿ ಕಿತ್ತುಬರುತ್ತದೆ.

ನೇರ ಮಾತು, ಘಾಟ್‌ಕೋಪರ್
ರಸ್ತೆ ಬಂದ್ ಮಾಡುವ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಭಾನುವಾರ ಬೆಳಿಗ್ಗೆ ದಕ್ಷಿಣ ಮುಂಬೈಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಹೇಗೆ ಹೋಗಬೇಕು? ಅವರೂ ರೋಗಿಗಳೇ.

ವಾಶಿ ಡಾಕ್ಟರ್
ಆಂಬುಲೆನ್ಸಿಗೆ ಪೊಲೀಸರು ದಾರಿ ಬಿಡಿಸುತ್ತಾರೆ. ಆದರೂ ನಿಮ್ಮ ಮಾತಿನಲ್ಲಿ ಸತ್ಯವಿದೆ. ಸುತ್ತು ಬಳಸಿ ಹೋಗುವಾಗ ಹೊತ್ತು ಹೋಗುತ್ತದೆ. ಆ ಭಾಗದಲ್ಲಿ ವಯಸ್ಸಾದವರು ಇರುವ ಮನೆಯವರು ಬಂದ್ ಆಗುವ ರಸ್ತೆಗಳ ಪಟ್ಟಿಯನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು.

ಮಾಹಿಮ್ ಕಡಲು
ನಮ್ಮ ಸಂಘ ಸಂಸ್ಥೆಗಳನ್ನು ಏಕೆ ಯಾರೂ ನೆನೆಯುತ್ತಿಲ್ಲ? ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಸಮುದಾಯಗಳ ಸಂಘಗಳು, ಉಪನಗರಗಳ ಕನ್ನಡ ಸಂಘಗಳು. ಒಂದೊಂದು ಕಾರ್ಯಕ್ರಮಕ್ಕೂ ನೂರಾರು ಜನ ಸೇರುತ್ತಾರೆ. ಸಭೆಯ ಕೊನೆಯಲ್ಲಿ ಎರಡು ನಿಮಿಷ ಕೇಳಿದರೆ ಸಾಕು, ನಿಮ್ಮ ಎರಡು ಲಕ್ಷ ಒಂದೇ ಸಂಜೆ ಆಗುತ್ತದೆ. ಮುಂಬೈಯ ಕನ್ನಡ ದಿನಪತ್ರಿಕೆಗೂ ಒಂದು ಪತ್ರ ಬರೆಯಿರಿ.

ಚೆಂಬೂರು ಧಾರವಾಡ
ಸಮುದಾಯದ ಸಂಘಗಳಿಗೆ ಹೋದರೆ ಮೊದಲು ಕೇಳುವುದು ರೋಗಿಗಳಲ್ಲಿ ನಮ್ಮವರು ಎಷ್ಟು ಎಂದು. ಆ ಪ್ರಶ್ನೆಗೆ ಉತ್ತರ ಕೊಡುವ ಸ್ಥಿತಿ ಬರಬಾರದು.

ಮಾಹಿಮ್ ಕಡಲು
ನೀವು ಅನ್ಯಾಯದ ಮಾತು ಆಡುತ್ತಿದ್ದೀರಿ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರಿಗೆ ಈ ಊರಿನಲ್ಲಿ ರಾತ್ರಿ ಶಾಲೆ ನಡೆಸಿದವರು ಇದೇ ಸಂಘಗಳವರು. ನಾನು ಅಂಥ ಶಾಲೆಯಲ್ಲೇ ಹತ್ತನೆಯ ತರಗತಿ ಪಾಸಾದವನು. ನನ್ನ ಬೆಂಚಿನಲ್ಲಿ ಎಲ್ಲ ಜಾತಿಯವರೂ ಇದ್ದರು, ಯಾರೂ ಯಾರನ್ನೂ ಕೇಳಲಿಲ್ಲ.

ಚೆಂಬೂರು ಧಾರವಾಡ
ರಾತ್ರಿ ಶಾಲೆಗಳ ಬಗ್ಗೆ ನನಗೂ ಗೌರವವಿದೆ, ಹಿರಿಯರೇ. ಇಂದಿನ ಸಂಗತಿ ಹೇಳಿದೆ. ಆದರೂ ತಂಗಿ ಹೋಗಿ ಕೇಳಲಿ, ನೀವೇ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಮಾಹಿಮ್ ಕಡಲು
ಖಂಡಿತ ಬರುತ್ತೇನೆ.

ಡೊಂಬಿವಲಿ ಪೂರ್ವ
ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರೆಂದು ಎಣಿಸಿರಲಿಲ್ಲ. ಒಬ್ಬೊಬ್ಬರಿಗೆ ಕಳಿಸಲು ಹೀಗೆ ಬರೆದಿದ್ದೇನೆ, ತಿದ್ದಿಕೊಡಿ:

"ಮಾನ್ಯರೇ, ಕ್ಯಾನ್ಸರ್ ಎಂಬ ಮಹಾಮಾರಿಯ ವಿರುದ್ಧದ ಹೋರಾಟದಲ್ಲಿ ಕೈಜೋಡಿಸುವ ಸದುದ್ದೇಶದಿಂದ ನಾನು ಪ್ರತಿಷ್ಠಿತ ಮುಂಬೈ ಮ್ಯಾರಥಾನ್‌ನಲ್ಲಿ ಭಾಗವಹಿಸುತ್ತಿದ್ದು, ತಾವು ಉದಾರವಾಗಿ ದೇಣಿಗೆ ನೀಡಿ ಪುಣ್ಯಕಾರ್ಯದಲ್ಲಿ ಭಾಗಿಗಳಾಗಬೇಕೆಂದು ವಿನಂತಿ."

ಪರೇಲ್ ಸೇವಕಿ
ಇದರಲ್ಲಿ ರೋಗಿ ಎಲ್ಲೂ ಇಲ್ಲವಲ್ಲ, ಅಕ್ಕಾ. ಇದು ಆಮಂತ್ರಣ ಪತ್ರಿಕೆಯ ಭಾಷೆ. ಒಂದು ಕುಟುಂಬದ ಒಂದು ದಿನದ ವಾಸ, ಊಟಕ್ಕೆ ಟ್ರಸ್ಟಿಗೆ ಎಷ್ಟು ಬೀಳುತ್ತದೆ?

ಡೊಂಬಿವಲಿ ಪೂರ್ವ
ಸುಮಾರು 400 ರೂಪಾಯಿ ಎಂದು ಹೇಳಿದ್ದಾರೆ.

ಠಾಣೆ ಲೆಕ್ಕ
ಹಾಗಾದರೆ ಐದು ವಾರಕ್ಕೆ 14,000. ಎರಡು ಲಕ್ಷ ಎಂದರೆ ಹದಿನಾಲ್ಕು ಕುಟುಂಬಗಳು ಚಿಕಿತ್ಸೆ ಮುಗಿಯುವ ತನಕ ಸೂರಿನ ಕೆಳಗಿರುತ್ತವೆ. ಎರಡು ಲಕ್ಷ ಎಂದರೆ ಯಾರಿಗೂ ಏನೂ ಕಾಣುವುದಿಲ್ಲ, ಹದಿನಾಲ್ಕು ಕುಟುಂಬ ಎಂದರೆ ಕಾಣುತ್ತದೆ.

ಪರೇಲ್ ಸೇವಕಿ
ಹೀಗೆ ಬರೆದರೆ ಹೇಗೆ?

"ಅಣ್ಣ, ಚೆನ್ನಾಗಿದ್ದೀರಾ? ಪರೇಲಿನಲ್ಲಿ ವಿಕಿರಣ ಚಿಕಿತ್ಸೆಗೆ ಬರುವ ನಮ್ಮ ಊರುಗಳ ಬಡವರು ಐದಾರು ವಾರ ಕಾಲುದಾರಿಯಲ್ಲಿ ಮಲಗುತ್ತಾರೆ. ಅವರಿಗೆ ಕೋಣೆ, ಊಟ ಕೊಡುವ ಟ್ರಸ್ಟಿಗಾಗಿ ನಾನು ಜನವರಿಯಲ್ಲಿ 21 ಕಿಲೋಮೀಟರ್ ಓಡುತ್ತಿದ್ದೇನೆ. ಒಂದು ಕುಟುಂಬದ ಒಂದು ದಿನಕ್ಕೆ 400 ರೂಪಾಯಿ, ಒಂದು ವಾರಕ್ಕೆ 2,800. ನಾನು ಒಂದು ವಾರದ್ದು ಕೊಟ್ಟಿದ್ದೇನೆ. ನಿಮ್ಮಿಂದ ಎಷ್ಟು ದಿನ ಆದೀತು? ಹಣ ನೇರ ಟ್ರಸ್ಟಿನ ಖಾತೆಗೆ ಹೋಗುತ್ತದೆ, ಓಟದ ಖರ್ಚು ಪೂರ್ತಿ ನನ್ನದು. ನಾನು ಓಟ ಮುಗಿಸದಿದ್ದರೂ ನಿಮ್ಮ ಹಣ ರೋಗಿಗಳಿಗೇ ಸೇರುತ್ತದೆ."

ವಾಶಿ ಡಾಕ್ಟರ್
ಕೊನೆಯ ವಾಕ್ಯ ಇರಲೇಬೇಕು. ತೆಗೆಯಬೇಡಿ.

ಬೊರಿವಲಿ ಕಾಡಂಚು
"ಎಷ್ಟು ದಿನ ಆದೀತು" ಎಂಬ ಪ್ರಶ್ನೆ ಬಹಳ ಸರಿ. ಇದನ್ನು ನಾನೂ ಈ ವರ್ಷ ಬಳಸುತ್ತೇನೆ.

ನೇರ ಮಾತು, ಘಾಟ್‌ಕೋಪರ್
ಓಟದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ರಸ್ತೆಯ ಬಗ್ಗೆಯೂ ಇಲ್ಲ. ಆದರೆ ಈ ಕಾಗದ ಬಂದಿದ್ದರೆ ನಾನು ಕೊಡುತ್ತಿದ್ದೆ. ಟ್ರಸ್ಟಿನ ಖಾತೆಯ ವಿವರ ಕಳಿಸಿ. ಒಂದು ಕುಟುಂಬದ ಐದು ವಾರದ್ದು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಿ.

ಡೊಂಬಿವಲಿ ಪೂರ್ವ
ಅಣ್ಣ, ನಿಮಗೆ ಹೇಗೆ ಧನ್ಯವಾದ ಹೇಳಲಿ? ವಿವರವನ್ನು ನಿಮಗೆ ಪ್ರತ್ಯೇಕವಾಗಿ ಕಳಿಸಿದ್ದೇನೆ. ಎಲ್ಲರಿಗೂ ಇನ್ನೊಂದು ಪ್ರಶ್ನೆ: ಅರ್ಧ ಓಟ ಮಾಹಿಮ್‌ನಿಂದ ಶುರು, ಕತ್ತಲೆಯಲ್ಲೇ ಅಲ್ಲಿರಬೇಕು. ಡೊಂಬಿವಲಿಯಿಂದ ಅಷ್ಟು ಬೇಗ ಲೋಕಲ್ ಸಿಗುತ್ತದೆಯೇ?

ಮಾಟುಂಗಾ ಐದು ತೋಟ
ಓಟದ ದಿನ ರೈಲ್ವೆಯವರು ಮುಂಜಾನೆ ವಿಶೇಷ ಗಾಡಿಗಳನ್ನು ಬಿಡುವುದುಂಟು, ಸಮಯವನ್ನು ಕೆಲವು ದಿನ ಮೊದಲು ಪ್ರಕಟಿಸುತ್ತಾರೆ. ಆದರೆ ಅದನ್ನು ನಂಬಿ ರಾತ್ರಿಯೆಲ್ಲ ಎಚ್ಚರ ಇರಬೇಡ, ತಂಗಿ. ಹಿಂದಿನ ರಾತ್ರಿ ನಮ್ಮ ಮನೆಗೆ ಬಾ. ಮನೆಯಲ್ಲಿ ನನ್ನ ಹೆಂಡತಿ, ಅತ್ತೆ ಇದ್ದಾರೆ. ಇಡ್ಲಿಯೂ ಇರುತ್ತದೆ. ಮಾಹಿಮ್ ಇಲ್ಲಿಂದ ಹತ್ತಿರ.

ಕೋಥ್ರೂಡ್ ಗುಡ್ಡ
ಇಡ್ಲಿಯೇ ಗೆದ್ದಿತು.

ಬೊರಿವಲಿ ಕಾಡಂಚು
ಸೀ ಲಿಂಕಿನ ಮೇಲೆ ಉಳಿದ ದಿನ ಕಾಲಿಡಲು ಯಾರಿಗೂ ಬಿಡುವುದಿಲ್ಲ. ಆ ಸಂತೋಷದಲ್ಲಿ, ಗಾಳಿಯೂ ತಂಪಾಗಿರುವುದರಿಂದ, ಹೊಸಬರು ಅಲ್ಲಿ ವೇಗ ಹೆಚ್ಚಿಸುತ್ತಾರೆ. ಬೇಡ. ಸೂರ್ಯ ಏರಿ ಸೆಕೆ ಹತ್ತಿದ ಮೇಲೆ ಪೆಡ್ಡರ್ ರಸ್ತೆಯ ಏರು ಬರುತ್ತದೆ, ಶಕ್ತಿ ಉಳಿದಿರಬೇಕಾದದ್ದು ಅಲ್ಲಿ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಬೇಕಿದ್ದರೆ ನಡೆಯಿರಿ. ಅಕ್ಕಪಕ್ಕದ ಕಟ್ಟಡದವರು ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು ಹಿಡಿದು ನಿಂತಿರುತ್ತಾರೆ.

ಅಂಧೇರಿ ಹೋಟೆಲಿನವ
ಹಾಗಾದರೆ ನಾವೂ ಅಲ್ಲಿಯೇ ನಿಲ್ಲೋಣ. ಪಾನಕ, ಉಪ್ಪು ಹಾಕಿದ ಮಜ್ಜಿಗೆ ನಾನು ತರುತ್ತೇನೆ. ಪರೇಲಿನ ರೋಗಿಗಳಿಗಾಗಿ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಫಲಕ ಬರೆಸುತ್ತೇನೆ. ಯಾರು ಯಾರು ಬರುತ್ತೀರಿ?

ವಾಶಿ ಡಾಕ್ಟರ್
ಮಜ್ಜಿಗೆ ಓಡುವವರಿಗೆ ಬೇಡ, ಹೊಟ್ಟೆ ಕೆಡುತ್ತದೆ. ಪಾನಕ ತೆಳ್ಳಗಿರಲಿ, ಒಂದು ಚಿಟಿಕೆ ಉಪ್ಪು ಹಾಕಿ. ನಾನು ಬರುತ್ತೇನೆ.

ವಡಾಲಾ
ನಾವು ಮೂವರು ಬರುತ್ತೇವೆ. ಕಾರು ತರಬಹುದೇ?

ಮಾಹಿಮ್ ಕಡಲು
ಕಾರು ಬಿಡುವುದಿಲ್ಲ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಕೆಂಪ್ಸ್ ಕಾರ್ನರ್ ಕಡೆಗೆ ನಡೆದು ಬನ್ನಿ. ಪಾನಕದ ಪಾತ್ರೆ ಹೊರಲು ಇಬ್ಬರು ಗಟ್ಟಿಮುಟ್ಟಾದವರು ಬೇಕು, ಘಾಟ್‌ಕೋಪರಿನವರೇ, ನಿಮ್ಮ ಹೆಸರು ಬರೆದುಕೊಳ್ಳಲೇ?

ನೇರ ಮಾತು, ಘಾಟ್‌ಕೋಪರ್
ಬರೆದುಕೊಳ್ಳಿ. ಎಷ್ಟು ಗಂಟೆಗೆ?